ಒಂದು ಟೆಸ್ಟನ್ನೂ ಆಡದ ಕ್ಲೈವ್ ರೈಸ್ ಅಷ್ಟು ದೊಡ್ಡ ಆಟಗಾರರೇ?

ಆಲ್‌ರೌಂಡರ್‌ಗಳ ಮಾತು ಬಂದರೆ ನಾನು ದಕ್ಷಿಣ ಆಫ್ರಿಕಾದ ಕ್ಲೈವ್ ರೈಸ್ ಹೆಸರು ಹೇಳದೆ ಬಿಡುವುದಿಲ್ಲ. ಆಗೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಅವರು ಒಂದು ಟೆಸ್ಟ್ ಕೂಡ ಆಡಿಲ್ಲವಲ್ಲ, ಯಾಕೆ ಇಷ್ಟು ಹೊಗಳುತ್ತೀರಿ?"

ಮೊದಲು ಅವರ ಪ್ರಥಮ ದರ್ಜೆ ಕ್ರಿಕೆಟ್, ಅಂದರೆ ಹಲವು ದಿನ ನಡೆಯುವ ಪಂದ್ಯಗಳ ಆಟ ನೋಡಿ. 26,331 ರನ್, ಸರಾಸರಿ 40.95. ವಿಕೆಟ್ 930, ಸರಾಸರಿ 22.49. ಮೊದಲನೆಯದಷ್ಟೇ ಇದ್ದಿದ್ದರೂ ಒಳ್ಳೆಯ ಬ್ಯಾಟ್ಸ್‌ಮನ್ ಅನ್ನುತ್ತಿದ್ದೆವು. ಎರಡನೆಯದಷ್ಟೇ ಇದ್ದಿದ್ದರೆ ತಂಡದ ಮುಖ್ಯ ಬೌಲರ್ ಅವರೇ. ಎರಡನ್ನೂ ಒಬ್ಬರೇ ಮಾಡಿದ್ದಾರೆ, ಅದೂ ಇಪ್ಪತ್ತಕ್ಕೂ ಹೆಚ್ಚು ವರ್ಷ.

ಈ ರನ್, ವಿಕೆಟ್ ಸುಮ್ನೆ ಬಂದದ್ದಲ್ಲ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ, ಅಂದರೆ ಅಲ್ಲಿನ ಜಿಲ್ಲಾ ತಂಡಗಳ ಟೂರ್ನಿಯಲ್ಲಿ, ಆಗ ಪ್ರಪಂಚದ ದೊಡ್ಡ ವೇಗಿಗಳೆಲ್ಲ ಆಡುತ್ತಿದ್ದರು. ರೈಸ್ ಅಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ನಾಯಕ. 1978ರಲ್ಲಿ ಆಸ್ಟ್ರೇಲಿಯಾದ ಉದ್ಯಮಿ ಕೆರಿ ಪ್ಯಾಕರ್ ಕ್ರಿಕೆಟ್ ಮಂಡಳಿಗಳಿಗೆ ಎದುರಾಗಿ ನಡೆಸುತ್ತಿದ್ದ ಖಾಸಗಿ ಸರಣಿಗೆ ಸಹಿ ಹಾಕಿದರೆಂದು ಕ್ಲಬ್ಬು ನಾಯಕತ್ವ ಕಿತ್ತುಕೊಂಡಿತು, ಮರುವರ್ಷ ತಾನೇ ವಾಪಸ್ ಕೊಟ್ಟಿತು. 1981ರಲ್ಲಿ ತಂಡ ಕೌಂಟಿ ಚಾಂಪಿಯನ್ ಆಯಿತು. ಅದಕ್ಕೆ ಮುಂಚೆ ಗೆದ್ದದ್ದು 1929ರಲ್ಲಿ! ತಂಡದ ಮೈದಾನ ಟ್ರೆಂಟ್ ಬ್ರಿಜ್‌ನ ಹಸಿರು ಪಿಚ್‌ನಲ್ಲಿ ಒಂದು ಕಡೆ ನ್ಯೂಜಿಲೆಂಡಿನ ವೇಗಿ ರಿಚರ್ಡ್ ಹ್ಯಾಡ್ಲಿ, ಇನ್ನೊಂದು ಕಡೆ ರೈಸ್. ಎದುರಾಳಿಗಳಿಗೆ ಉಸಿರಾಡಲು ಬಿಡುವೇ ಇರುತ್ತಿರಲಿಲ್ಲ. 1987ರಲ್ಲಿ ಮತ್ತೆ ಚಾಂಪಿಯನ್‌ಷಿಪ್, ಜೊತೆಗೆ ಕೌಂಟಿಗಳ ಒಂದು ದಿನದ ಟೂರ್ನಿ ನ್ಯಾಟ್‌ವೆಸ್ಟ್ ಟ್ರೋಫಿ. ತವರಿನ ಕರಿ ಕಪ್‌ನಲ್ಲಿ, ಅಂದರೆ ನಮ್ಮ ರಣಜಿಯಂಥ ಟೂರ್ನಿಯಲ್ಲಿ, ಅವರ ಟ್ರಾನ್ಸ್‌ವಾಲ್ ತಂಡಕ್ಕೆ 'ಮೀನ್ ಮಷೀನ್' (ದಯೆಯಿಲ್ಲದ ಯಂತ್ರ) ಅಂತಲೇ ಹೆಸರಿತ್ತು.

ಹಾಗಾದರೆ ಟೆಸ್ಟ್ ಯಾಕೆ ಆಡಲಿಲ್ಲ? ವರ್ಣಭೇದ ನೀತಿಯಿಂದಾಗಿ 1970ರ ನಂತರ ದಕ್ಷಿಣ ಆಫ್ರಿಕಾ ಟೆಸ್ಟ್ ಕ್ರಿಕೆಟ್‌ನಿಂದ ಹೊರಗುಳಿಯಿತು. 1971-72ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಯುವಕ ರೈಸ್ ಆಯ್ಕೆಯಾಗಿದ್ದರು. ಆ ಪ್ರವಾಸವೇ ರದ್ದಾಯಿತು. ಇದನ್ನು ಕೇಳಿದವರು "ಅಯ್ಯೋ ಪಾಪ, ಎಂಥ ಅನ್ಯಾಯ" ಅನ್ನುತ್ತಾರೆ. ಇಲ್ಲಿ ನಾನು ಒಪ್ಪುವುದಿಲ್ಲ. ಆ ಬಹಿಷ್ಕಾರ ಬೇಕೇ ಬೇಕಿತ್ತು. ರೈಸ್ ಅವರಿಗೆ ಟೆಸ್ಟ್ ತಪ್ಪಿತು, ನಿಜ. ಆದರೆ ಟ್ರಾನ್ಸ್‌ವಾಲ್ ಇತ್ತು, ಕೌಂಟಿ ಇತ್ತು, ಸಂಬಳ ಇತ್ತು. ಅದೇ ದೇಶದ ಕಪ್ಪು ವರ್ಣದ ಹುಡುಗನಿಗೆ ಒಳ್ಳೆಯ ಮೈದಾನವೂ ಸಿಗುತ್ತಿರಲಿಲ್ಲ. ಕೇಪ್ ಟೌನಿನ ಬೇಸಿಲ್ ಡಿ'ಒಲಿವೇರಾ ಟೆಸ್ಟ್ ಆಡಲು ದೇಶವನ್ನೇ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಅವರಷ್ಟೇ ಪ್ರತಿಭೆ ಇದ್ದು ಹೋಗಲಾಗದೆ ಉಳಿದವರ ಅಂಕಿ ಅಂಶ ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಜಾಸ್ತಿ ಸಂಕಟವಾಗುವುದು ಅವರಿಗಾಗಿ.

ರೈಸ್ ಅವರಿಗೆ ಕೊನೆಗೂ ಒಂದು ಬಾಗಿಲು ತೆರೆಯಿತು, ನಮ್ಮಲ್ಲೇ. 1991ರ ನವೆಂಬರ್ 10, ಈಡನ್ ಗಾರ್ಡನ್ಸ್. ಬಹಿಷ್ಕಾರ ಮುಗಿದ ಮೇಲೆ ದಕ್ಷಿಣ ಆಫ್ರಿಕಾದ ಮೊದಲ ಪಂದ್ಯ, ಭಾರತದ ಎದುರು. ದೇಶಕ್ಕೆ ದೇಶವೇ ಕಾದಿದ್ದ ಆ ಏಕದಿನ ಪಂದ್ಯಕ್ಕೆ ನಾಯಕ 42 ವರ್ಷದ ರೈಸ್. ಚಂದ್ರನ ಮೇಲೆ ನಿಂತಾಗ ನೀಲ್ ಆರ್ಮ್‌ಸ್ಟ್ರಾಂಗ್‌ಗೆ ಹೇಗನಿಸಿತ್ತೆಂದು ಈಗ ಗೊತ್ತಾಯಿತು ಎಂದರು ಅವರು. ಅವರ ತಂಡದ ವೇಗಿ ಅಲನ್ ಡೊನಾಲ್ಡ್ ಐದು ವಿಕೆಟ್ ಕಿತ್ತರೂ ಗೆದ್ದದ್ದು ಭಾರತ. ಮೂರು ಪಂದ್ಯದ ಸರಣಿ 2-1. ದೆಹಲಿಯ ಕೊನೆ ಪಂದ್ಯ ಮಾತ್ರ ದಕ್ಷಿಣ ಆಫ್ರಿಕಾದ್ದಾಯಿತು.

ಅಷ್ಟೇ. 1992ರ ವಿಶ್ವಕಪ್‌ಗೆ ರೈಸ್ ಅವರನ್ನು ಕೈಬಿಟ್ಟು ಕೆಪ್ಲರ್ ವೆಸೆಲ್ಸ್‌ಗೆ ನಾಯಕತ್ವ ಕೊಟ್ಟರು. ವಯಸ್ಸಾಗಿತ್ತು, ಒಪ್ಪೋಣ. ಆದರೂ ಆ ಅನುಭವವನ್ನು ಮನೆಯಲ್ಲಿ ಕೂರಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆಮೇಲೆ ಕೋಚ್ ಆಗಿ, ಮುಂದೆ ಇಂಗ್ಲೆಂಡ್ ಪರ ಆಡಿದ ಬ್ಯಾಟ್ಸ್‌ಮನ್ ಕೆವಿನ್ ಪೀಟರ್ಸನ್ ಅವರನ್ನು ನಾಟಿಂಗ್‌ಹ್ಯಾಮ್‌ಗೆ ಕರೆತಂದವರೂ ಇವರೇ. 2015ರಲ್ಲಿ ಮೆದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆ ಪಡೆಯಲು ನಮ್ಮ ಬೆಂಗಳೂರಿಗೆ ಬಂದಿದ್ದರು. ಅದೇ ವರ್ಷ ಜುಲೈ 28ರಂದು ತೀರಿಕೊಂಡರು.

"ಹಾಗಾದರೆ ಇಮ್ರಾನ್, ಬೋಥಮ್, ಕಪಿಲ್, ಹ್ಯಾಡ್ಲಿ ಸಾಲಿಗೆ ಸೇರಿಸುತ್ತೀರಾ?" ಅಂತ ಕೆಲವರು ಮುಂದುವರಿಸುತ್ತಾರೆ. ಟೆಸ್ಟ್ ದಾಖಲೆಯ ಮಾತಾದರೆ ಇಲ್ಲ, ಆಡದ ಪಂದ್ಯಕ್ಕೆ ಅಂಕ ಕೊಡಲಾಗದು. ಆದರೆ ಕೌಂಟಿಯಲ್ಲಿ ಅವರೆಲ್ಲರ ಎದುರೋ ಜೊತೆಗೋ ಆಡಿದವರು ರೈಸ್. ಅಲ್ಲಿ ಒಂದು ತಂಡ ಕಟ್ಟಿ ಎಂದು ನನಗೆ ಹೇಳಿದರೆ, ನಾಯಕನ ಹೆಸರು ಬರೆಯಲು ಯೋಚನೆಯನ್ನೇ ಮಾಡುವುದಿಲ್ಲ.