ಈ ಹಂಗಾಮಿಗೆ ನಾನು ಇಟ್ಟುಕೊಂಡಿರುವ ಗುರಿ

ಮಳೆಗಾಲ ಮುಗಿದು ಸುರಪುರದ ಗುಡ್ಡಗಳ ಹುಲ್ಲು ಒಣಗತೊಡಗಿದೆ. ನನ್ನ ಬಿಲ್ಲುಗಾರಿಕೆಯ ಹಂಗಾಮು ಆರಂಭವಾಗುವುದು ಈಗಲೇ. ಅಮೆರಿಕದಲ್ಲಿರುವ ಗೆಳೆಯನೊಬ್ಬ ಈ ದಿನಗಳಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಗೆ ಸಜ್ಜಾಗುತ್ತಾನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯಾದುದೆಂದೇ ನನ್ನ ನಂಬಿಕೆ. ಹೊಲದಂಚಿನಲ್ಲಿ ಕಿವಿ ನಿಮಿರಿಸಿ ನಿಂತ ಕೃಷ್ಣಮೃಗವನ್ನು ಕಂಡ ಮೇಲೆ ಅದರತ್ತ ಬಾಣ ಹೂಡುವ ಮನಸ್ಸು ನನಗಂತೂ ಬಾರದು.

ಹೀಗಾಗಿ ನನ್ನ ಬೇಟೆಯೆಲ್ಲ 70 ಮೀಟರ್ ಆಚೆಗಿರುವ, 122 ಸೆಂ.ಮೀ. ಅಗಲದ ಬಣ್ಣದ ಹಾಳೆಯ ಮೇಲೆ. ನಡುವಿನ ಹತ್ತು ಅಂಕದ ವೃತ್ತದ ಅಗಲ ಕೇವಲ 12.2 ಸೆಂ.ಮೀ. ಅರ್ಹತಾ ಸುತ್ತಿನ 72 ಬಾಣಗಳಿಗೆ ಒಟ್ಟು 720 ಅಂಕ; ಕಳೆದ ವರ್ಷ 548ಕ್ಕೆ ನಿಂತಿದ್ದೆ, ಈ ಬಾರಿ 600 ದಾಟಬೇಕು. ಕೊನೆಯ ಎರಡು ಡಜನ್ ಬಾಣಗಳಲ್ಲಿ ಎಡಭುಜ ಕುಸಿದು, ಹಗ್ಗ ಗದ್ದಕ್ಕೆ ತಾಗುವ ಮೊದಲೇ ಬೆರಳುಗಳು ಸಡಿಲಗೊಂಡು ಬಾಣಗಳು ಎಡಕ್ಕೆ ಸರಿಯುತ್ತಿದ್ದವು. ಅದನ್ನು ತಿದ್ದಲು ಮೊದಲ ತಿಂಗಳು ಅಂಕವನ್ನೇ ಬರೆಯದೆ, ಐದು ಮೀಟರ್ ದೂರದ ಹುಲ್ಲಿನ ಗುರಿಗೆ ಕಣ್ಣುಮುಚ್ಚಿ ಬಾಣ ಬಿಡುವುದೆಂದು ತೀರ್ಮಾನಿಸಿದ್ದೇನೆ.

ಬೇಡ ನಾಯಕರ ಸಂಸ್ಥಾನವಾಗಿದ್ದ ಈ ಊರಿನಲ್ಲಿ ಬಿಲ್ಲು ಹೊಸತಲ್ಲ. ಬಿದಿರನ್ನು ದೀಪದ ಶಾಖದಲ್ಲಿ ಬಾಗಿಸುತ್ತಿದ್ದ ಮುತ್ಯಾನ ಕೈಗಳು ನನಗಿನ್ನೂ ನೆನಪಿವೆ. ಹಗ್ಗ ಎಳೆಯುವಾಗ ಬೆರಳಿಗೆ ಹಾಕಿಕೊಳ್ಳುವ ಚರ್ಮದ ಪಟ್ಟಿ ಸವೆದಿದೆ. ಅದನ್ನು ನಾಳೆ ಬದಲಿಸಿ, ಬೆಳಿಗ್ಗೆ ಗಾಳಿ ಏಳುವ ಮುನ್ನವೇ ಮೈದಾನಕ್ಕೆ ಹೋಗುತ್ತೇನೆ.