ಅಕ್ಕಿಕಾಳಿಗೆ ಮುಂಚೆ ಹೊಸ ರೀಲು

ಇವತ್ತು ಶುಕ್ರವಾರ ರಾತ್ರಿ. ನಮ್ಮ ಮನೆಯ ನಡುಮನೆಯಲ್ಲಿ ಮಂಚದ ಮೇಲೆ ಕೂರಲು ಜಾಗ ಇಲ್ಲ. ಎರಡು ಕ್ಯಾಮೆರಾ, ಐದು ಲೆನ್ಸ್, ಎರಡು ಫ್ಲ್ಯಾಶ್, ಹದಿನಾರು ಪೆನ್ಸಿಲ್ ಸೆಲ್, ಒಂದು ಹಳೆ ಪಂಚೆ. ಎಲ್ಲಾ ಹರಡಿಕೊಂಡು ಕೂತಿದ್ದೇನೆ.

ನಾನು ಮದುವೆ ಫೋಟೋ ತೆಗೆಯುವವಳು. ನಾಳೆ ಬೆಳಿಗ್ಗೆ ಇಲ್ಲೇ ದಾವಣಗೆರೆಯಲ್ಲಿ, ಗಂಡಿನ ಮನೆಯಲ್ಲಿ ಗುಗ್ಗಳ, ಅಂದರೆ ವೀರಭದ್ರ ದೇವರ ಶಾಸ್ತ್ರ. ಮಧ್ಯಾಹ್ನ ದಿಬ್ಬಣದ ಬಸ್ಸು ಹತ್ತಿ ಚಿತ್ರದುರ್ಗ. ಸಂಜೆ ಆರತಕ್ಷತೆ. ಭಾನುವಾರ ಬೆಳಗಿನ ಜಾವ ಸುರಗಿ, ಅಂದರೆ ನೀರೆರೆಯುವ ಶಾಸ್ತ್ರ. ಹತ್ತೂವರೆಗೆ ಮುಹೂರ್ತ. ಊಟ ಆದ ಮೇಲೆ ಹೊತ್ತು ಉಳಿದರೆ ಗಂಡುಹೆಣ್ಣನ್ನು ಕರೆದುಕೊಂಡು ಕೋಟೆಗೆ.

ಚಿಕ್ಕಪ್ಪನ ಮಗ ಮೊದಲ ಸಲ ನನ್ನ ಜೊತೆ ಲೈಟ್ ಹಿಡಿಯಲು ಬರುತ್ತಿದ್ದಾನೆ. ಸಂಜೆ ಬಂದವನು ಮಂಚ ನೋಡಿ, "ಅಕ್ಕಾ, ಎಲ್ಲಾ ಒಯ್ದುಬಿಡೋಣ. ಹೆಂಗೂ ಬಸ್ಸಲ್ಲಿ ಜಾಗ ಇರುತ್ತಲ್ಲ" ಅಂದ. ಬೇಡ ಅಂದೆ. ಯಾಕೆ ಬೇಡ ಅಂತ ಅವನಿಗೆ ಹೇಳುತ್ತಾ ಹೇಳುತ್ತಾ, ಇದನ್ನು ಬರೆದೇ ಇಡಬೇಕು ಅನ್ನಿಸಿತು.

ಅಪ್ಪ ಮಂಡಿಪೇಟೆಯ ಹತ್ತಿರ ಸ್ಟುಡಿಯೋ ಇಟ್ಟಿದ್ದವರು. ಆಗ ರೀಲಿನ ಕಾಲ. ಒಂದು ರೀಲಿಗೆ 36 ಫೋಟೋ. ಒಂದೊಂದು ಫೋಟೋಕ್ಕೂ ದುಡ್ಡು. ಆದರೂ ಮುಹೂರ್ತ ಹತ್ತಿರ ಬಂತು ಅಂದರೆ ಅಪ್ಪ ಕ್ಯಾಮೆರಾದಲ್ಲಿ ಎಷ್ಟು ಫೋಟೋ ಉಳಿದಿದೆ ಅಂತ ನೋಡುತ್ತಿರಲಿಲ್ಲ. ಹತ್ತು ಉಳಿದಿದ್ದರೂ ರೀಲು ಸುತ್ತಿ ತೆಗೆದು ಹೊಸದು ಹಾಕುತ್ತಿದ್ದರು. "ಅಕ್ಕಿಕಾಳು ಬೀಳೋವಾಗ ರೀಲು ಮುಗೀಬಾರದು" ಅನ್ನೋದು ಅವರ ಮಾತು. ನಾನು ಆಗ ಏಳನೇ ಕ್ಲಾಸು. ಖಾಲಿ ಡಬ್ಬಿ ಹಿಡಿದುಕೊಂಡು ಅವರ ಪಕ್ಕ ನಿಲ್ಲೋದು ನನ್ನ ಕೆಲಸ.

ಈಗ ರೀಲು ಇಲ್ಲ. ಆದರೆ ನಾನು ಬ್ಯಾಗ್ ತುಂಬಲು ಶುರು ಮಾಡೋದು ಅದೇ ಅರ್ಧ ನಿಮಿಷದಿಂದ. ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ನನ್ನ ಕೈಯಲ್ಲಿ ಏನಿರಬೇಕು? ಅದು ಕೆಟ್ಟರೆ ಇನ್ನೊಂದು ಎಲ್ಲಿರಬೇಕು? ಮೊದಲು ಅಷ್ಟನ್ನು ಎತ್ತಿಡುತ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ.

ಆ ಅರ್ಧ ನಿಮಿಷ ಹೇಗಿರುತ್ತೆ ಅಂತ ನಮ್ಮ ಕಡೆ ಮದುವೆ ಕಂಡವರಿಗೆ ಗೊತ್ತು. ಸ್ವಾಮಿಗಳ ಮಂತ್ರ ಏರುತ್ತೆ. ಗಟ್ಟಿಮೇಳ ಅಂತ ಯಾರೋ ಕೂಗುತ್ತಾರೆ. ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಬೀಗರು, ಸೋದರಮಾವಂದಿರು, ಅತ್ತಿಗೆಯರು, ಮಕ್ಕಳು ಎಲ್ಲ ವೇದಿಕೆ ಮೇಲೇ. ಕೆಳಗೆ ನಿಂತು ದೊಡ್ಡ ಲೆನ್ಸ್ ಹಿಡಿದರೆ ಕಾಣೋದು ಬೆನ್ನುಗಳು ಮಾತ್ರ. ತಾಳಿ ಕಟ್ಟುವ ಕೈ ಕಾಣಬೇಕಾದರೆ ವೇದಿಕೆ ಮೇಲೇ, ಮೂರು ನಾಲ್ಕು ಅಡಿ ದೂರದಲ್ಲಿ ನಿಲ್ಲಬೇಕು. ಪಕ್ಕದಲ್ಲಿ ವಿಡಿಯೋದವರ ಲೈಟು. ಹಿಂದೆ ಅಜ್ಜಿಯರು. ಕಾಲು ಹಿಂದಿಡಲೂ ಜಾಗ ಇರಲ್ಲ.

ಅದಕ್ಕೆ ಬೇಕಾದದ್ದು 24-70, ಅಂದರೆ 24ರಿಂದ 70 ಎಂಎಂ ತನಕ ಹೋಗುವ ಜೂಮ್ ಲೆನ್ಸ್. ಇದು ಎಫ್ 2.8. ಈ ನಂಬರು ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ. ನಿಂತ ಜಾಗದಿಂದ ಅಲ್ಲಾಡದೆ ಇಡೀ ಗುಂಪನ್ನೂ ತೆಗೆಯಬಹುದು, ಬರೀ ಕೈಗಳನ್ನೂ ತೆಗೆಯಬಹುದು. ಲೆನ್ಸಿನ ತುದಿಗೆ ಹಾಕುವ ಹುಡ್ ಮರೆಯಬಾರದು. ಬಿಸಿಲಿಗಲ್ಲ, ಅಕ್ಕಿಗೆ. ಎಸೆದ ಅಕ್ಕಿ ನೇರ ಗಾಜಿಗೇ ಬಡಿಯುತ್ತೆ. ಒಮ್ಮೆ ಒಂದು ಕಾಳು ಫ್ಲ್ಯಾಶ್ ಕೂರುವ ಸಂದಿಗೆ ಸೇರಿಕೊಂಡಿತ್ತು. ಫ್ಲ್ಯಾಶ್ ತೆಗೆದು ಮತ್ತೆ ಹಾಕಲು ಹೋದರೆ ಕೂರಲೇ ಇಲ್ಲ. ಆವತ್ತಿನಿಂದ ಬ್ಯಾಗಿನಲ್ಲಿ ಒಂದು ಮೆತ್ತನೆ ಬ್ರಶ್, ಒಂದು ಚಿಮಟ ಇರುತ್ತೆ. ಅಕ್ಕಿಕಾಳು ಬಿದ್ದ ಮೇಲೆ, ಕ್ಯಾಮೆರಾ ಒರೆಸುವ ತನಕ ಲೆನ್ಸ್ ಬಿಚ್ಚುವುದೇ ಇಲ್ಲ.

ಕ್ಯಾಮೆರಾ ಎರಡು. ಒಂದು ನಿಕಾನ್ ಡಿ750. 2014ರಲ್ಲಿ ಬಂದ ಮಾಡೆಲ್, ನಾನು ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಇನ್ನೊಂದು ನಿಕಾನಿನದೇ ಝಡ್6 ಟೂ. ಹೊಸದನ್ನು ಕೊಳ್ಳುವಾಗ ಬೇರೆ ಕಂಪನಿಗೆ ಹೋಗಬಹುದಿತ್ತು. ಹೋಗಲಿಲ್ಲ. ಕಾರಣ ಬ್ಯಾಟರಿ. ಎರಡಕ್ಕೂ ಇಎನ್-ಇಎಲ್15 ಜಾತಿಯದ್ದೇ ನಡೆಯುತ್ತೆ. ಚಾರ್ಜರ್ ಒಂದೇ ಸಾಕು. ಹಳೆ ಲೆನ್ಸುಗಳೂ ಒಂದು ಅಡಾಪ್ಟರ್ ಹಾಕಿದರೆ ಹೊಸದಕ್ಕೆ ಕೂರುತ್ತವೆ. ಛತ್ರದಲ್ಲಿ ಕೈಗೆ ಸಿಗುವ ಪ್ಲಗ್ಗು ಎಷ್ಟಿರುತ್ತೆ ಹೇಳಿ? ಒಂದರಲ್ಲಿ ಬ್ಯೂಟಿಷಿಯನ್ನರ ಕೂದಲ ಮೆಷಿನ್, ಇನ್ನೊಂದರಲ್ಲಿ ಹತ್ತು ಮೊಬೈಲು. ಎರಡು ಬಗೆ ಚಾರ್ಜರ್ ಇಟ್ಟುಕೊಂಡು ಅಲ್ಲಿ ನಿಲ್ಲಲು ಆಗಲ್ಲ. ಆರು ಬ್ಯಾಟರಿ ತುಂಬಿಸಿ ಒಯ್ತೀನಿ. ಜೊತೆಗೆ ನಮ್ಮದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಉದ್ದ ವೈರಿನದು.

ಎರಡೂ ಕ್ಯಾಮೆರಾಗಳಲ್ಲಿ ಎರಡೆರಡು ಕಾರ್ಡ್ ಹಾಕಬಹುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ಕಾರ್ಡಿನ ಕ್ಯಾಮೆರಾ. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಮದುವೆ. ಅರಿಷಿಣದ ಶಾಸ್ತ್ರ ಪೂರ್ತಿ ತೆಗೆದೆ. ಹುಡುಗಿಯ ಅಜ್ಜಿ, ಕೈ ನಡುಗುತ್ತಿದ್ದರೂ ಯಾರಿಗೂ ಬಿಡದೆ, ಮೊಮ್ಮಗಳ ಕೆನ್ನೆಗೆ ತಾವೇ ಅರಿಷಿಣ ಹಚ್ಚಿದರು. ರಾತ್ರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ತೆರೆಯಲಿಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ದಿನ ಕೂತೆ. ಬಂದದ್ದು ಮೊದಲಿನ ಕೆಲವು ಫೋಟೋ ಮಾತ್ರ. ಅಜ್ಜಿಯದು ಒಂದೂ ಇಲ್ಲ. ಆ ಮನೆಗೆ ಹೋಗಿ ಎದುರು ಕೂತು ಹೇಳಿದೆ. ಅಜ್ಜಿ ನನ್ನ ಕೈ ಹಿಡಿದು, "ಇರ್ಲಿ ಬಿಡವ್ವ, ಇನ್ನೊಂದ್ಸಲ ಹಚ್ಚಿ ತೋರಿಸ್ತೀನಿ" ಅಂದರು. ಹುಡುಗಿ ಆಗಲೇ ಗಂಡನ ಮನೆಗೆ ಹೋಗಿ ವಾರ ಆಗಿತ್ತು.

ಅದಾದ ಮೇಲೆ ಎರಡು ಕಾರ್ಡಿಲ್ಲದ ಕ್ಯಾಮೆರಾವನ್ನು ನಾನು ಮದುವೆಗೆ ಒಯ್ದಿಲ್ಲ. ಒಂದೇ ಫೋಟೋ ಎರಡೂ ಕಾರ್ಡಿಗೆ ಬರೆಯುವ ಹಾಗೆ ಸೆಟ್ ಮಾಡಿ ಇಟ್ಟಿರುತ್ತೇನೆ. ಹೀಗೆ ಮಾಡಿದರೆ ಜಾಗ ಬೇಗ ತುಂಬುತ್ತೆ ಅಂತ ಕೆಲವರು ಇದನ್ನು ಆಫ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಡಿ750ಯ ಒಂದು ರಾ ಫೈಲು (ಕ್ಯಾಮೆರಾ ತಿದ್ದದೆ ಇಡುವ ಮೂಲ ಫೋಟೋ) ಸುಮಾರು 25ರಿಂದ 30 ಎಂಬಿ. 64 ಜಿಬಿ ಕಾರ್ಡಿನಲ್ಲಿ 2000 ಫೋಟೋ ಹಿಡಿಯುತ್ತೆ. ಅಪ್ಪನ ಲೆಕ್ಕದಲ್ಲಿ ಅದು 55 ರೀಲು. ಜಾಗ ಸಾಲಲ್ಲ ಅನ್ನುವ ಮಾತೇ ಇಲ್ಲ ಅಲ್ವಾ? ಆದರೂ ಮುಹೂರ್ತಕ್ಕೆ ಹದಿನೈದು ನಿಮಿಷ ಇರುವಾಗ ಕಾರ್ಡು, ಬ್ಯಾಟರಿ, ಫ್ಲ್ಯಾಶಿನ ಸೆಲ್ಲು ಮೂರನ್ನೂ ಬದಲಿಸುತ್ತೇನೆ. ತೆಗೆದ ಕಾರ್ಡು ಬ್ಯಾಗಿಗೆ ಹೋಗಲ್ಲ. ಕೊರಳಿಗೆ ಹಾಕಿಕೊಂಡ ಸಣ್ಣ ಚೀಲಕ್ಕೆ ಹೋಗುತ್ತೆ. ಬ್ಯಾಗನ್ನು ಯಾರಾದರೂ ಎತ್ತಿ ಇನ್ನೊಂದು ರೂಮಿಗೆ ಇಡಬಹುದು. ನಾನು ಊಟಕ್ಕೆ ಕೂತರೂ ಕೊರಳು ನನ್ನ ಜೊತೆಗೇ ಇರುತ್ತೆ.

ಇನ್ನು ಮಿಕ್ಕ ಲೆನ್ಸ್. 35 ಮತ್ತು 85, ಎರಡೂ ಎಫ್ 1.8. ಹೆಣ್ಣಿನ ರೂಮಿಗೆ ನಾನು ಹೆಂಗಸು ಅನ್ನೋ ಕಾರಣಕ್ಕೆ ಸಲೀಸಾಗಿ ಬಿಡುತ್ತಾರೆ. ಆದರೆ ಆ ರೂಮು ಹತ್ತಕ್ಕೆ ಹತ್ತು ಅಡಿ ಇದ್ದರೆ ಹೆಚ್ಚು. ಒಳಗೆ ಎಂಟು ಜನ, ಹೂವಿನ ಬುಟ್ಟಿ, ಸೂಟ್‌ಕೇಸು, ಒಂದು ಟ್ಯೂಬ್‌ಲೈಟು. ಅಲ್ಲಿ 35 ಬೇಕು. 1.8 ಅಂದರೆ 2.8ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬರುತ್ತೆ. ತಾಯಿ ಮಗಳಿಗೆ ದಂಡೆ ಮುಡಿಸುವಾಗ ಫ್ಲ್ಯಾಶ್ ಹೊಡೆದು ಅವರನ್ನು ಬೆಚ್ಚಿಬೀಳಿಸಲು ನನಗೆ ಇಷ್ಟ ಇಲ್ಲ. 85 ಆರತಕ್ಷತೆಗೆ. ಕೆಳಗೆ ಕುರ್ಚಿಯಲ್ಲಿ ಕೂತವರ ಮುಖಗಳಿಗೆ. ಇದರ ತೂಕ 350 ಗ್ರಾಂ ಅಷ್ಟೇ.

70-200 ಒಂದೂವರೆ ಕೆಜಿ. ಇದು ಬೇಕಾಗೋದು ನಾಳೆ ಬೆಳಿಗ್ಗೆ ಮಾತ್ರ. ಗುಗ್ಗಳದಲ್ಲಿ ಸಮಾಳ ವಾದ್ಯದ ಸದ್ದು, ಹೊಗೆ, ಬೆಂಕಿ. ವೀರಭದ್ರನ ಸೇವೆ ಮಾಡುವ ಪುರವಂತರು ಒಡಪು (ದೇವರನ್ನು ಹೊಗಳುವ ಮಾತು) ಹೇಳುತ್ತಾ ಹೆಜ್ಜೆ ಹಾಕುವಾಗ ಹತ್ತಿರ ಹೋಗಿ ಅಡ್ಡ ನಿಲ್ಲಬಾರದು. ಅದು ಫೋಟೋಕ್ಕಾಗಿ ಮಾಡುವ ಕುಣಿತ ಅಲ್ಲ. ದೂರ ನಿಂತು ತೆಗೆಯಲು ಉದ್ದ ಲೆನ್ಸ್ ಬೇಕು. ಮಧ್ಯಾಹ್ನ ಬಸ್ಸು ಹತ್ತುವ ಮುಂಚೆ ಇದು ಮನೆಯಲ್ಲಿ ಉಳಿಯುತ್ತೆ. ತಮ್ಮನಿಗೆ ಇದೇ ಬೇಜಾರು. ದೊಡ್ಡ ಲೆನ್ಸ್ ನೋಡಿದರೆ ಜನ ಮರ್ಯಾದೆ ಕೊಡ್ತಾರೆ ಅನ್ನೋದು ಅವನ ನಂಬಿಕೆ.

ಐದನೆಯದು 50. 185 ಗ್ರಾಂ. ಬಳಸುವ ಯೋಚನೆ ಇಲ್ಲ. 24-70 ಕೈಜಾರಿ ಬಿದ್ದರೆ ಮದುವೆ ಮುಗಿಸಲು ಇದು ಸಾಕು. ಅದಕ್ಕೆ ಬ್ಯಾಗಿನ ತಳದಲ್ಲಿ ಇರುತ್ತೆ.

ಬೆಳಕಿನ ವಿಷಯ. ಈಗ ಆರತಕ್ಷತೆಗೆ ವೇದಿಕೆ ಹಿಂದೆ ಎಲ್‌ಇಡಿ ಪರದೆ ಹಾಕುತ್ತಾರೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದರೆ ಫೋಟೋದಲ್ಲಿ ಕಪ್ಪು ಪಟ್ಟೆ ಬರುತ್ತೆ. ನಮ್ಮ ಕರೆಂಟು 50 ಹರ್ಟ್ಸ್. ಅದರ ಮೇಲೆ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತೆ. ಮಾಮೂಲಿ ಶಟರ್ ಇಟ್ಟು 1/100 ಅಥವಾ 1/50 ಸೆಕೆಂಡಿನಲ್ಲಿ ತೆಗೆದರೆ ದೀಪಗಳ ಕಾಟ ತಪ್ಪುತ್ತೆ. ಪರದೆಯ ಲೆಕ್ಕ ಬೇರೆ. ಜನ ಬರುವ ಮುಂಚೆ ಹೋಗಿ ನಾಲ್ಕು ಫೋಟೋ ತೆಗೆದು ನೋಡಲೇಬೇಕು.

ಫ್ಲ್ಯಾಶಿಗೆ ಚಾವಣಿ ನೋಡಬೇಕು. ಹಳೆ ಕಲ್ಯಾಣ ಮಂಟಪದಲ್ಲಿ ಬಿಳಿ ಬಳಿದಿದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದರೆ ಸಾಕು, ಬೆಳಕು ಹರಡಿ ಮೆತ್ತಗೆ ಮುಖಕ್ಕೆ ಇಳಿಯುತ್ತೆ. ಮನೆ ಮುಂದಿನ ಶಾಮಿಯಾನ ಹಾಗಲ್ಲ. ಬಟ್ಟೆ ಕೆಂಪಿದ್ದರೆ ಮುಖ ಕೆಂಪು, ಹಳದಿ ಇದ್ದರೆ ಹಳದಿ. ಅರಿಷಿಣ ಹಚ್ಚಿದ ಮುಖಕ್ಕೆ ಇನ್ನೂ ಹಳದಿ ಬೆಳಕು ಬಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡೋದು ತುಂಬಾ ಕಷ್ಟ. ಅಲ್ಲಿಗೆ ಒಂದು ಅಂಗೈ ಅಗಲದ ಬಿಳಿ ಡ್ರಾಯಿಂಗ್ ಹಾಳೆ, ಎರಡು ರಬ್ಬರ್ ಬ್ಯಾಂಡ್. ಹಾಳೆಯನ್ನು ಫ್ಲ್ಯಾಶಿನ ಹಿಂದೆ ಕಟ್ಟಿ ಬೆಳಕನ್ನು ಮುಂದಕ್ಕೆ ಕಳಿಸಬೇಕು. ಸೆಲ್ಲುಗಳನ್ನು ನಾಲ್ಕು ನಾಲ್ಕರಂತೆ ಡಬ್ಬಿಯಲ್ಲಿ ಇಡುತ್ತೇನೆ. ತುಂಬಿದ್ದು ಮೊಗ್ಗು ಮೇಲಾಗಿ, ಖಾಲಿ ಆದದ್ದು ತಲೆಕೆಳಗಾಗಿ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ.

ಫ್ಲ್ಯಾಶಿನ ಬೆಳಕು ಮೆತ್ತಗಾಗಲು ಕೊಡೆ ಹಾಕುವ ಲೈಟ್ ಸ್ಟ್ಯಾಂಡ್ ಒಂದೇ ಒಯ್ತಿದ್ದೇನೆ. ಜೊತೆಗೆ ಒಂದು ಖಾಲಿ ದಪ್ಪ ಚೀಲ, ಹಗ್ಗ. ದುರ್ಗದ ಗಾಳಿ ಗೊತ್ತಲ್ಲ, ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಊರು. ಹೋದ ವರ್ಷ ಅಲ್ಲೇ ಬಯಲಿನಲ್ಲಿ ಆರತಕ್ಷತೆ. ಕೊಡೆಗೆ ಗಾಳಿ ತುಂಬಿ ಸ್ಟ್ಯಾಂಡು ಕುರ್ಚಿಗಳ ಮೇಲೆ ಬಿತ್ತು. ಪುಣ್ಯಕ್ಕೆ ಕುರ್ಚಿ ಖಾಲಿ ಇದ್ದವು. ಫ್ಲ್ಯಾಶಿನ ಕಾಲು ಮುರಿಯಿತು, ಅಷ್ಟಕ್ಕೇ ಮುಗಿಯಿತು. ಒಂದು ಮಗು ಕೂತಿದ್ದರೆ ಏನು ಗತಿ? ಈಗ ಚೀಲಕ್ಕೆ ಅಲ್ಲೇ ಕಲ್ಲು ತುಂಬಿ ಸ್ಟ್ಯಾಂಡಿನ ಕಾಲಿಗೆ ಕಟ್ಟದೆ ಕೊಡೆ ಬಿಚ್ಚಲ್ಲ. ಇದೊಂದನ್ನು ತಮ್ಮನಿಗೆ ಮೂರು ಸಲ ಹೇಳಿದೆ.

ಕೋಟೆಗೆ ಸ್ಟ್ಯಾಂಡೂ ಬೇಡ, ಟ್ರೈಪಾಡೂ ಬೇಡ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಅಂಥದ್ದಕ್ಕೆಲ್ಲ ಮೊದಲೇ ಅನುಮತಿ ತೊಗೋಬೇಕು. ಒಂದು ಕ್ಯಾಮೆರಾ, 35, 85, ನೀರಿನ ಬಾಟಲಿ ಸಾಕು. ಸಂಜೆ ಬಿಸಿಲು ಬಂಡೆಗೆ ಬಿದ್ದು ವಾಪಸ್ ಬರುತ್ತೆ. ಗಂಡುಹೆಣ್ಣನ್ನು ಆ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಬೇರೆ ಬೆಳಕೇ ಬೇಡ.

ಸಣ್ಣಪುಟ್ಟವು: ಪಂಚೆ ಎರಡು ತುಂಡು, ಕ್ಯಾಮೆರಾ ಒರೆಸಲು. ಗಾಜಿಗೆ ಬೇರೆ ಬಟ್ಟೆ. ಎರಡೂ ಸೇರಬಾರದು. ಪಂಚೆಗೆ ಅರಿಷಿಣ ಹತ್ತಿರುತ್ತೆ. ಸೇಫ್ಟಿ ಪಿನ್, ಒಂದು ಹಾಳೆ ಬಿಂದಿ. ಸುರಗಿಗೆ ಪ್ಲಾಸ್ಟಿಕ್ ಕವರ್ ನಾಲ್ಕು. ನಾಲ್ಕು ಮೂಲೆಗೆ ಬಿಂದಿಗೆ ಇಟ್ಟು ನೂಲು ಸುತ್ತಿ, ನಡುವೆ ಕೂರಿಸಿ ನೀರು ಎರೆಯುವಾಗ ಅತ್ತಿಗೆಯರು ಫೋಟೋದವರನ್ನೂ ಬಿಡಲ್ಲ. ಅಡುಗೆ ಕೋಣೆಗೆ ಹೋಗುವುದಿದ್ದರೆ ಅನ್ನದ ಕೊಪ್ಪರಿಗೆ ತೆರೆಯುವ ಮುಂಚೆಯೇ ಹೋಗಿ ನಿಲ್ಲಬೇಕು. ಎಸಿ ಹಾಲಿನಿಂದ ನೇರ ಹಬೆಗೆ ಹೋದರೆ ಲೆನ್ಸ್ ಮಂಜಾಗುತ್ತೆ, ಐದು ಹತ್ತು ನಿಮಿಷ ಏನೂ ಕಾಣಲ್ಲ. ಮತ್ತೆ ನಾಲ್ಕು ಶೇಂಗಾ ಉಂಡೆ. ನಮ್ಮ ಊಟ ಯಾವಾಗಲೂ ಕೊನೆ ಪಂಕ್ತಿ. ತಮ್ಮನಿಗೆ ಹಸಿವು ತಡೆಯೋಕೆ ಆಗಲ್ಲ.

ಈಗ ಬ್ಯಾಗ್ ಎತ್ತಿ ನೋಡಿದೆ. ಭುಜಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಬಹುದು. ಬಸ್ಸಿನಲ್ಲಿ ಇದು ಮೇಲಿನ ಕ್ಯಾರಿಯರ್‌ಗೆ ಹೋಗಲ್ಲ, ದುರ್ಗದ ತನಕ ತೊಡೆ ಮೇಲೇ.

ಸುರಗಿ ಛತ್ರದ ಮುಂದೋ ಹಿಂದೋ ಅಂತ ಹೆಣ್ಣಿನ ಕಡೆಯವರು ಇನ್ನೂ ಹೇಳಿಲ್ಲ. ಹಿಂದಾದರೆ ಪೂರ್ವಕ್ಕೆ ಗೋಡೆ ಇದೆ, ಬಿಸಿಲು ತಡವಾಗಿ ಬರುತ್ತೆ. ಆಗ 35 ಹಾಕಿಕೊಂಡೇ ಇಳಿಯಬೇಕು. ಬೆಳಿಗ್ಗೆ ಅವರಮ್ಮನಿಗೆ ಒಂದು ಫೋನ್ ಮಾಡಿ ಕೇಳುತ್ತೇನೆ.