ಮಯಸ್ತೇನಿಯಾ ಗ್ರೇವಿಸ್: ಅಂಕ ಇಳಿದ ಮೇಲೂ ಸಮಾಧಾನವಿಲ್ಲವೇ?

ಬಳಸಿದಷ್ಟೂ ಸ್ನಾಯುಗಳು ಸೋಲುವ ಈ ಕಾಯಿಲೆ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಸ್ನಾಯುಗಳಿಗೆ ತಾತ್ಕಾಲಿಕ ಬಲ ಕೊಡುವ ಪೈರಿಡೊಸ್ಟಿಗ್ಮಿನ್ ಮಾತ್ರೆ ಅರ್ಧ–ಮುಕ್ಕಾಲು ಗಂಟೆಯಲ್ಲಿ ಹಿಡಿದು ಮೂರ್ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಮಾತ್ರೆ ನುಂಗಿ ಓಪಿಡಿಗೆ ಹೋದವರ ರೆಪ್ಪೆ ನೆಟ್ಟಗೇ ಇರುತ್ತದೆ, ವೈದ್ಯರಿಗೆ ಸಂಜೆಯ ಪಾಡು ಕಾಣುವುದಿಲ್ಲ. ಹಾಗಾಗಿ ರೋಗಿಯೇ ಬಾಯಿಬಿಟ್ಟು ಹೇಳಬೇಕು.

ಅದಕ್ಕೆಂದೇ ದಿನನಿತ್ಯದ ಕೆಲಸಗಳಲ್ಲಿನ ತೊಂದರೆಗೆ ಅಂಕ ಹಾಕುವ ಎಂಜಿ-ಎಡಿಎಲ್ ಎಂಬ ಪಟ್ಟಿಯಿದೆ. ಮಾತು, ಅಗಿಯುವುದು, ನುಂಗುವುದು, ಉಸಿರಾಟ, ಹಲ್ಲುಜ್ಜಿ ತಲೆ ಬಾಚುವುದು, ಕುರ್ಚಿಯಿಂದ ಏಳುವುದು, ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು. ಒಂದೊಂದಕ್ಕೂ 0ಯಿಂದ 3, ಒಟ್ಟು 24. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಎರಡು ಅಂಕದ ವ್ಯತ್ಯಾಸ ಬಂದರೂ ಅದು ನಿಜವಾದ ಬದಲಾವಣೆ.

ಲೆಕ್ಕ ತಪ್ಪುವುದು ಜನ ಹೊಂದಿಕೊಂಡುಬಿಡುವುದರಿಂದ. ಜೋಳದ ರೊಟ್ಟಿ ಬಿಟ್ಟು ಮೊಸರನ್ನಕ್ಕೆ ಇಳಿದವರು ‘ಅಗಿಯೋಕೆ ಏನೂ ತೊಂದರೆ ಇಲ್ಲ’ ಎಂದು ಸೊನ್ನೆ ಹಾಕಿಸುತ್ತಾರೆ. ಮುದ್ದೆಯನ್ನಂತೂ ಅಗಿಯುವುದೇ ಇಲ್ಲ! ರೊಟ್ಟಿ ಕೊಟ್ಟರೆ ಕೊನೇ ತುತ್ತಿನವರೆಗೂ ದವಡೆ ಸೋಲದೆ ಇರುತ್ತದೆಯೇ ಎಂದು ಕೇಳಬೇಕು. ಸೋತರೆ 1, ಮೆತ್ತಗಿನ ಅನ್ನಕ್ಕೂ ಸೋತರೆ 2. ತಲೆ ಬಾಚುವಾಗ ನಡುವೆ ಕೈ ಇಳಿಸಿ ಸುಧಾರಿಸಿಕೊಂಡರೆ ಅದೂ 2. ಉದ್ದ ಜಡೆಯವರಿಗೆ ಇದು ಬೇಗ ಗೊತ್ತಾಗುತ್ತದೆ, ಕ್ರಾಪಿನವರಿಗೆ ತಡವಾಗಿ.

ಬದುಕಿನ ಗುಣಮಟ್ಟ ಅಳೆಯಲು ಎಂಜಿ-ಕ್ಯೂಒಎಲ್15ಆರ್ ಇದೆ: ಕೆಲಸ, ಮನೆಯ ಜವಾಬ್ದಾರಿ, ಓಡಾಟ, ಬೇಸರ ಕುರಿತ 15 ಹೇಳಿಕೆಗಳು, ಒಟ್ಟು 30 ಅಂಕ.

ನಮ್ಮ ಪ್ರಕಾರ ಇವೆಲ್ಲಕ್ಕಿಂತ ಹರಿತವಾದದ್ದು ‘ಪಾಸ್’ ಎಂಬ ಒಂದೇ ಪ್ರಶ್ನೆ: ಮುಂದಿನ ಕೆಲವು ತಿಂಗಳು ಹೀಗೇ ಇರಬೇಕಾದರೆ ನಿಮಗೆ ತೃಪ್ತಿಯೇ? ಹೌದು ಅಥವಾ ಇಲ್ಲ, ಅಷ್ಟೇ. ಎಡಿಎಲ್ ಅಂಕ 2 ಅಥವಾ ಕಡಿಮೆ ಇದ್ದವರು ಸಾಮಾನ್ಯವಾಗಿ ‘ಹೌದು’ ಎನ್ನುತ್ತಾರೆ. ಅಷ್ಟು ಕಡಿಮೆ ಅಂಕವಿದ್ದೂ ‘ಇಲ್ಲ’ ಎಂದರೆ ಎಡಿಎಲ್ ಕೇಳದೇ ಬಿಟ್ಟದ್ದನ್ನು ಹುಡುಕಿ: ಮೈ ಸುಸ್ತು, ಕುಗ್ಗಿದ ಮನಸ್ಸು, ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡಿನಿಂದ ಏರಿದ ತೂಕ, ಸಕ್ಕರೆ, ಕೆಟ್ಟ ನಿದ್ದೆ. ಅಂಥವರಿಗೆ ಡೋಸ್ ಏರಿಸುವ ಮೊದಲು ಎರಡು ಸಲ ಯೋಚಿಸಬೇಕು.

ಬರೆದಿಡುವಾಗ ಕೊನೇ ಮಾತ್ರೆ ನುಂಗಿದ ಹೊತ್ತನ್ನೂ ಪಕ್ಕದಲ್ಲಿ ಹಾಕಿ. ಅದಿಲ್ಲದ ಅಂಕವನ್ನು ಹೋಲಿಸಲಾಗದು.

ಉಸಿರಿನ ವಿಷಯದಲ್ಲಿ ಮಾತ್ರ ಅಂಕ ಹಾಕುತ್ತಾ ಕೂರಬೇಡಿ. ಒಂದೇ ಉಸಿರಿನಲ್ಲಿ ಜೋರಾಗಿ 20ರವರೆಗೆ ಎಣಿಸಲಾಗದಿದ್ದರೆ ಅಥವಾ ಎಂಜಲೂ ನೆತ್ತಿಗೇರುತ್ತಿದ್ದರೆ ತಕ್ಷಣ ಐಸಿಯು ಇರುವ ಆಸ್ಪತ್ರೆಗೆ ಹೊರಡಿ.